ಹಕ್ಕಿಯ ಬಾಣಂತನ, ಹೆಣ್ಣಿನ ಬಾಣಂತನ

ತುಮಕೂರು ಜಿಲ್ಲೆಯ ಬಡವನಹಳ್ಳಿ ಸೀಮೆಯ ರೈತನಿಗೆ ಹುಣಸೆ ಮರ ಕಷ್ಟಕ್ಕಾಗುವ ನೆಂಟ. ಮಳೆ ಕೈಕೊಟ್ಟು ಕಡಲೆಕಾಯಿ ಬಳ್ಳಿ ಒಣಗಿದ ವರ್ಷವೂ ಬದುವಿನ ಮೇಲಿನ ಆ ಮರ ನಾಲ್ಕು ಕಾಸು ತೋರಿಸುತ್ತದೆ. ಸಂಕ್ರಾಂತಿ ಕಳೆದ ಮೇಲೆ ಗಂಡಸರು ಮರ ಹತ್ತಿ ಗಳುವಿನಿಂದ ಬಡಿಯುತ್ತಾರೆ, ಹೆಂಗಸರು ಜಗಲಿ ಮೇಲೆ ಕೂತು ಹಣ್ಣು ಜಜ್ಜಿ ಬೀಜ, ನಾರು ಬಿಡಿಸುತ್ತಾರೆ. ಮಗಳ ಕಾಲೇಜು ಫೀಸು, ಅಂಗಡಿಯ ಬಾಕಿ ಎಷ್ಟೋ ಮನೆಗಳಲ್ಲಿ ತೀರುವುದು ಈ ದುಡ್ಡಿನಿಂದಲೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಶಿರಾ ದಾಟಿ ಕಗ್ಗಲಡುವಿಗೆ ಹೋಗಬೇಕು. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ವನ್ಯಜೀವಿ ಆಸಕ್ತರು ನೋಡಿ ಬಂದ ಮೇಲೆ ಹೊರಗಿನವರಿಗೆ ಸುದ್ದಿ ತಿಳಿಯಿತು. ಊರಿನವರು ಅಷ್ಟು ಹೊತ್ತಿಗಾಗಲೇ ಆ ಹಕ್ಕಿಗಳನ್ನು ತಮ್ಮವೆಂದುಕೊಂಡಿದ್ದರು. ಹಣ್ಣು ಮಾಗುವ ಕಾಲ, ಹಕ್ಕಿ ಬಂದು ಕೂರುವ ಕಾಲ ಎರಡೂ ಒಂದೇ. ಗಳು ಎತ್ತಿದರೆ ಗೂಡು ಉಳಿಯದು. ಹಾಗಾಗಿ ಗೂಡಿರುವ ಮರದ ಹಣ್ಣನ್ನು ಕಗ್ಗಲಡುವಿನವರು ಬಡಿಯುವುದಿಲ್ಲ. ಪಟಾಕಿಯನ್ನೂ ದೂರವಿಟ್ಟಿದ್ದಾರೆ. ಈ ನೆಂಟಸ್ತನ ಸುಲಭದ್ದಲ್ಲ. ಎಲೆ, ಹೆಂಚು, ಅಂಗಳವೆಲ್ಲ ಹಿಕ್ಕೆಯಿಂದ ಬೆಳ್ಳಗಾಗುತ್ತವೆ. ಮರಿಗಳ ಬಾಯಿಂದ ಜಾರಿದ ಮೀನು ಕೆಳಗೆ ಬಿದ್ದು ಕೊಳೆಯುತ್ತದೆ. ಅದರ ನಾತದಲ್ಲೇ ಮುದ್ದೆ ಮುರಿದು ಉಣ್ಣಬೇಕು.

ಮನುಷ್ಯನ ಬದುಕು ಯಾವುದರಿಂದ ಮೇಲಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕೇಳಲು ಬಾಯಿಲ್ಲದ ಜೀವಕ್ಕಾಗಿ ಕೈಗೆ ಬಂದ ತುತ್ತನ್ನು ಬಿಟ್ಟುಕೊಡುವುದು. ಹಾಗೆ ಬಿಟ್ಟುಕೊಟ್ಟವರು ಉಂಡು ಮಿಕ್ಕವರೇನೂ ಅಲ್ಲ, ಬರ ಕಂಡ ನೆಲದ ಜನ.

ಆದರೆ ಇದೇ ತುಮಕೂರು ಜಿಲ್ಲೆಯಲ್ಲಿ, 2023ರ ಜುಲೈ ತಿಂಗಳ ಮಳೆಯಲ್ಲಿ, ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ ಕಟ್ಟಿದ ಗುಡಿಸಲಿನಲ್ಲಿ ಒಬ್ಬ ಬಾಣಂತಿ ಹಸುಗೂಸಿನೊಂದಿಗೆ ಇದ್ದಳು. ಸೂತಕ ಕಳೆಯುವವರೆಗೆ ಒಳಗೆ ಬರುವಂತಿಲ್ಲ ಎಂಬುದು ಕಟ್ಟಳೆ. ಶೀತವಾಗಿ ಮಗು ತೀರಿಕೊಂಡಿತು. ಮುಟ್ಟಾದವರನ್ನು, ಹೆತ್ತವರನ್ನು ಹೊರಗಿಡುವ ಈ ಪದ್ಧತಿ ಮಧುಗಿರಿ, ಶಿರಾ, ಪಾವಗಡ ಕಡೆಯ ಹಟ್ಟಿಗಳಿಗೂ ಹೊಸದಲ್ಲ. ಹಕ್ಕಿಯ ಬಾಣಂತನಕ್ಕೆ ಊರ ನಡುವಿನ ಮರ ಬಿಟ್ಟುಕೊಟ್ಟ ಸೀಮೆಯಲ್ಲೇ ಹೆಣ್ಣಿನ ಬಾಣಂತನಕ್ಕೆ ಊರಾಚೆಯ ಗರಿಯ ಸೂರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ಹಟ್ಟಿಯವರಿಗೆ ಕರುಣೆಯಿಲ್ಲ ಎಂದು ಪೇಟೆಯಲ್ಲಿ ಕೂತು ಹೇಳಿಬಿಡುವುದು ಅನ್ಯಾಯ. ಮೇಕೆ ಮರಿ ಹಾಕಿದರೆ ರಾತ್ರಿಯೆಲ್ಲ ಎದ್ದು ಕಾಯುವ ಜನ ಅವರು. ದನ ಕಾಯ್ದು ದೇವರಾದ ಜುಂಜಪ್ಪನ ಕಥೆಯನ್ನು ಗಣೆ ಊದುತ್ತ ಬೆಳಗಿನವರೆಗೂ ಹಾಡಬಲ್ಲವರು. ಅವರನ್ನು ಕಟ್ಟಿಹಾಕಿರುವುದು ಭಯ. ಮೈಲಿಗೆಯಾದರೆ ದೇವರು ಮುನಿಯುತ್ತಾನೆ, ದನಕರುವಿಗೆ ಕೇಡಾಗುತ್ತದೆ, ಮನೆಮಂದಿಗೆ ಹಾವು ಕಾಣಿಸುತ್ತದೆ ಎಂಬ ಭಯ. ಸೊಸೆಯನ್ನು ಹೊರಗೆ ಕಳಿಸುವ ಅತ್ತೆ ಒಂದು ಕಾಲಕ್ಕೆ ಅದೇ ಗುಡಿಸಲಿನಲ್ಲಿ ನಡುಗಿದವಳೇ. ಮನೆ ಉಳಿಯಲಿ ಎಂಬ ಪ್ರೀತಿಯೇ ಅವಳಿಂದ ‘ಹೊರಗಿರು’ ಎಂಬ ಮಾತು ಆಡಿಸುತ್ತದೆ. ಹುಣಸೆಹಣ್ಣು ಬಿಟ್ಟವನಿಗೆ ನಷ್ಟವಾದದ್ದು ದುಡ್ಡು, ಅದರ ಲೆಕ್ಕ ಅವನ ಕೈಯಲ್ಲಿದೆ. ಭಯ ಬಿಡುವವನಿಗೆ ಏನು ನಷ್ಟವಾದೀತೆಂಬ ಲೆಕ್ಕವೇ ಸಿಗುವುದಿಲ್ಲ. ಆದ್ದರಿಂದ ಅದನ್ನು ಬಿಡುವುದು ಎಷ್ಟೋ ಪಾಲು ದೊಡ್ಡ ತ್ಯಾಗ. ಧರ್ಮದ ಹೆಸರಿನಲ್ಲಿ ನಾವೆಲ್ಲರೂ ಮಾಡಲು ಹಿಂಜರಿಯುವ ತ್ಯಾಗವೂ ಅದೇ. ಹಟ್ಟಿಯ ಹೊರಗಿರುವ ನಾವೂ ನಮ್ಮ ಅಡುಗೆಮನೆ, ದೇವರ ಕೋಣೆಗಳ ಹೊಸ್ತಿಲನ್ನು ಒಮ್ಮೆ ನೋಡಿಕೊಳ್ಳಬೇಕು.

ಸರ್ಕಾರ ಕೈಕಟ್ಟಿ ಕೂತಿಲ್ಲ. 2017ರಲ್ಲಿ ಅಂಗೀಕಾರವಾದ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಮುಟ್ಟಾದವರನ್ನು, ಗರ್ಭಿಣಿಯರನ್ನು ಊರ ಹೊರಗಿಡುವುದು ಅಪರಾಧ. ಹೊರಗಿಟ್ಟ ಹೆಂಗಸರು ಉಳಿಯಲೆಂದು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳೂ ಎದ್ದವು. ಗರಿಯ ಗುಡಿಸಲಿಗಿಂತ ಗಟ್ಟಿ ಚಾವಣಿ ಖಂಡಿತ ಲೇಸು. ಆದರೂ ಆ ಕಟ್ಟಡ ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹೊರಗಿಡುವುದಕ್ಕೇ ಅದು ಗೋಡೆ, ಬಾಗಿಲು ಕಟ್ಟಿಕೊಟ್ಟಂತಾಯಿತು.

ಬಾಣಂತಿಯನ್ನು ಮನೆಯೊಳಗೇ ಉಳಿಸಿಕೊಂಡ ಕುಟುಂಬಗಳು ಈಗ ಹಟ್ಟಿಗಳಲ್ಲೂ ಇವೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಮನೆಮನೆ ತಿರುಗಿ ಹೇಳಿದ್ದರ ಫಲ ಅದರಲ್ಲಿದೆ, ಓದಿದ ಹೆಣ್ಣುಮಕ್ಕಳ ಹಟವೂ ಇದೆ. ತಹಶೀಲ್ದಾರರ ಜೀಪು ಒಂದು ಮಧ್ಯಾಹ್ನ ಬಂದು ಬಾಣಂತಿಯನ್ನು ಒಳಗೆ ಕಳಿಸಿ ಹೋಗಬಹುದು. ಅಂದು ರಾತ್ರಿ, ಮರುದಿನ ರಾತ್ರಿ, ಬಾಗಿಲ ಚಿಲಕ ಇರುವುದು ಮನೆಯ ಅಜ್ಜಿಯ ಕೈಯಲ್ಲಿ. ಅವಳ ಪಕ್ಕ ಕೂತು, ಅವಳ ಭಯವನ್ನು ಹೀಯಾಳಿಸದೆ, ಅವಳ ಬಾಣಂತನ ಹೇಗಿತ್ತೆಂದು ಯಾರಾದರೂ ಕೇಳಬೇಕು.