ಹಾಡಿನ ಋಣ

ಹಾಡುವವನಿಂದ ಕೇಳುವವನು ಏನನ್ನು ಅಪೇಕ್ಷಿಸಬಹುದು? ಹಣ ತೆತ್ತು ಟಿಕೆಟು ಕೊಂಡು ಬಂದವನಿಗೆ ಕೆಲವು ಹಕ್ಕುಗಳುಂಟು ಎಂಬುದು ಮೇಲುನೋಟಕ್ಕೆ ಸರಿಯೆ. ಹೇಳಿದ ಹೊತ್ತಿಗೆ ಕಾರ್ಯಕ್ರಮ ಆರಂಭವಾಗಬೇಕು, ಧ್ವನಿವರ್ಧಕ ಕೈಕೊಡಬಾರದು, ಹಾಡುವವನು ಮನಸ್ಸಿಟ್ಟು ಹಾಡಬೇಕು. ಇಷ್ಟರಲ್ಲಿ ಯಾರ ತಕರಾರೂ ಇರಲಾರದು. ಆದರೆ ಹೆಸರಾಂತ ಹಿರಿಯ ಕಲಾವಿದನೊಬ್ಬ ವೇದಿಕೆಯೇರಿದನೆಂದರೆ ನಮ್ಮ ಮನಸ್ಸು ಸದ್ದಿಲ್ಲದೆ ಇನ್ನೊಂದು ಬೇಡಿಕೆಯನ್ನೂ ಮುಂದಿಡುತ್ತದೆ: ‘ನಲವತ್ತು ವರ್ಷಗಳ ಹಿಂದೆ ಹಾಡಿದ್ದನ್ನು, ಅಂದು ಹಾಡಿದಂತೆಯೇ ಇಂದೂ ಹಾಡು.’ ಈ ಬೇಡಿಕೆ ನ್ಯಾಯವೆ?

ನಮ್ಮ ಬಳಗದಲ್ಲಿ ಈ ಪ್ರಶ್ನೆ ಎದ್ದದ್ದು ಕಾತ್ರಜದ ಮನೆಯೊಂದರಲ್ಲಿ, ಹುಡುಗರು ಟಿ.ವಿ. ತೆರೆಯ ಮೇಲೆ ರಿಚರ್ಡ್ ಥಾಂಪ್ಸನ್ನರ ಕಛೇರಿಯೊಂದನ್ನು ಹಾಕಿ ತೋರಿಸಿದಾಗ. ಥಾಂಪ್ಸನ್ ಹುಟ್ಟಿದ್ದು 1949ರಲ್ಲಿ, ಲಂಡನ್ನಿನಲ್ಲಿ. ಹದಿನೆಂಟರ ಹುಡುಗನಾಗಿದ್ದಾಗಲೇ, 1967ರಲ್ಲಿ, ಗೆಳೆಯರೊಡನೆ ಸೇರಿ ‘ಫೇರ್‌ಪೋರ್ಟ್ ಕನ್ವೆನ್ಷನ್’ ಎಂಬ ತಂಡ ಕಟ್ಟಿದರು. ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಲಾವಣಿಗಳನ್ನು ವಿದ್ಯುತ್ ಗಿಟಾರು, ಡ್ರಮ್ಮುಗಳ ಜೊತೆಗೆ ಹಾಡಿ, ಜಾನಪದ ರಾಕ್ ಎಂಬ ಪ್ರಕಾರಕ್ಕೆ ಅಲ್ಲಿ ನೆಲೆ ಒದಗಿಸಿದವರಲ್ಲಿ ಈ ತಂಡದವರು ಮುಖ್ಯರು. 1969ರ ಮೇ ತಿಂಗಳಲ್ಲಿ ತಂಡದ ವ್ಯಾನು ಅಪಘಾತಕ್ಕೀಡಾಗಿ ಡ್ರಮ್ ವಾದಕ ತೀರಿಕೊಂಡ. ಅದೇ ವರ್ಷದ ಕೊನೆಗೆ ಹೊರಬಂದ ‘ಲೀಜ್ ಅಂಡ್ ಲೀಫ್’ ಎಂಬ ಧ್ವನಿಮುದ್ರಿಕೆ ಆ ಪ್ರಕಾರದ ಹೆಗ್ಗುರುತಾಯಿತು. ಇಂಥ ಇತಿಹಾಸವುಳ್ಳ ವ್ಯಕ್ತಿ ಈಗ ಎಪ್ಪತ್ತೈದು ದಾಟಿದವರು. ತೆರೆಯ ಮೇಲೆ ಅವರ ಹಿಂದೆ ತಂಡವಿರಲಿಲ್ಲ. ಒಬ್ಬರೇ ನಿಂತಿದ್ದರು, ಕೈಯಲ್ಲೊಂದು ಗಿಟಾರು.

ತಂಡದೊಡನೆ ಹಾಡುವುದು ಬೇರೆ, ಒಬ್ಬಂಟಿಯಾಗಿ ಹಾಡುವುದು ಬೇರೆ. ತಂಡವಿದ್ದಾಗ ಒಬ್ಬನ ತಪ್ಪನ್ನು ಇನ್ನೊಬ್ಬ ಮುಚ್ಚುತ್ತಾನೆ. ಉಸಿರು ಕಟ್ಟಿದರೆ ಡ್ರಮ್ಮು ಆ ತೆರವನ್ನು ತುಂಬುತ್ತದೆ. ಒಬ್ಬಂಟಿಗನಿಗೆ ಈ ಅನುಕೂಲವಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದ ಪಿಕ್ಕಿನಿಂದ ದಪ್ಪ ತಂತಿಗಳನ್ನು ಮೀಟಿ ಲಯ ಹಿಡಿಯಬೇಕು, ಅದೇ ಹೊತ್ತಿಗೆ ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಸ್ವರ ನುಡಿಸಬೇಕು, ಬಾಯಿ ಹಾಡುತ್ತಿರಬೇಕು. ಕೈ ನಿಂತರೆ ಸಭಾಂಗಣವೇ ನಿಶ್ಶಬ್ದ. ಏಕತಾರಿ ಹಿಡಿದು ಊರೂರು ತಿರುಗುವ ನಮ್ಮ ತತ್ವಪದಕಾರರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಕಛೇರಿ ಮುಗಿದಾಗ ನಮ್ಮಲ್ಲಿ ಹಿರಿಯರೊಬ್ಬರು, ‘ಕೈ ಇದೆ, ಆದರೆ ಆ ಹಳೆಯ ಕೊರಳೆಲ್ಲಿ?’ ಎಂದರು. ಹುಡುಗನೊಬ್ಬ, ‘ಹಳೆಯದು ಬೇಕಾದರೆ ರೆಕಾರ್ಡು ಇದೆಯಲ್ಲ, ಕಾಕಾ’ ಎಂದ. ಮಾತು ಉದ್ಧಟತನದ್ದೆನಿಸಿದರೂ ಅದರಲ್ಲಿ ತಥ್ಯವಿದೆ. ಯಂತ್ರ ಮಾಡಬಲ್ಲ ಕೆಲಸವನ್ನೇ ಮಾಡಲು ಜೀವಂತ ಮನುಷ್ಯನನ್ನು ಏಕೆ ಕರೆಸಬೇಕು?

ಪುಣೆಯ ಕನ್ನಡಿಗರಿಗೆ ಇದರ ಉತ್ತರ ಹುಡುಕಲು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ಈ ಊರಿನಲ್ಲಿ 1953ರಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತವರು ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು. 2007ರ ಉತ್ಸವದಲ್ಲಿ ಅವರು ಹಾಡಿದಾಗ ಅವರಿಗೆ ಎಂಬತ್ತೈದು ವರ್ಷ, ದೇಹ ಬಳಲಿತ್ತು. ಮೇಘದಂತೆ ಗುಡುಗುತ್ತಿದ್ದ ಆ ಹಿಂದಿನ ತಾನಗಳನ್ನು ಆ ಹೊತ್ತಿನಲ್ಲಿ ನಿರೀಕ್ಷಿಸುವುದು ಅವರಿಗೂ ಸಂಗೀತಕ್ಕೂ ಅನ್ಯಾಯ. ಸ್ವರದ ಮೇಲೆ ನಿಲ್ಲುವ ಹಂಬಲ ದೇಹಕ್ಕಿಂತ ಹೆಚ್ಚು ದಿನ ಬದುಕಬಲ್ಲದು ಎಂಬುದನ್ನು ಕಾಣಲು ಅಂಥ ಕಛೇರಿಯೇ ಬೇಕು.

ಇನ್ನು ಗಂಗೂಬಾಯಿ ಹಾನಗಲ್ಲರು. ಅವರೂ ಸವಾಯಿ ಗಂಧರ್ವರ ಶಿಷ್ಯೆಯೇ. ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಬಳಿಕ ಆ ದನಿ ಹೋಗಿ ಗಂಡುದನಿಯಂಥ ಗಡಸು ಬಂತು. ಆಗ ಅವರು ಹೋದ ದನಿಗಾಗಿ ಕೊರಗುತ್ತ ಕುಳಿತಿದ್ದರೆ, ಅಥವಾ ಕೇಳುಗರು ‘ನಮಗೆ ಆ ಹಳೆಯ ದನಿಯೇ ಬೇಕು’ ಎಂದು ಪಟ್ಟು ಹಿಡಿದಿದ್ದರೆ, ನಾವು ಇಂದು ಗಂಗೂಬಾಯಿ ಎಂದು ಕರೆಯುವ ಸಂಗೀತವೇ ಇರುತ್ತಿರಲಿಲ್ಲ.

ಪಶ್ಚಿಮದಲ್ಲಿ ಅಂಥ ಪಟ್ಟು ಹಿಡಿದದ್ದೂ ಉಂಟು. 1965ರ ಜುಲೈಯಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಿ ಪ್ರತಿಭಟಿಸಿದರು. ಅವರಿಗೆ ಬೇಕಾಗಿದ್ದದ್ದು ಹಿಂದಿನ ವರ್ಷಗಳ ಡಿಲನ್. ಇಪ್ಪತ್ತನಾಲ್ಕರ ತರುಣನಿಗೇ ಹೀಗಾದರೆ ಮುದುಕರ ಪಾಡೇನು?

ಹಾಗಾದರೆ ಕಲಾವಿದನಿಗೆ ಯಾವ ಋಣವೂ ಇಲ್ಲವೆ? ಹೆಸರಿನ ಬಲದಿಂದ ಏನನ್ನು ಹಾಡಿದರೂ ನಾವು ತಲೆದೂಗಬೇಕೆ? ಖಂಡಿತ ಇಲ್ಲ. ಇಂದಿನ ಕೊರಳಲ್ಲಿ ಇಂದಿನ ಹಾಡನ್ನು ಹಾಡುವುದೇ ಅವನ ಋಣ. ಹಳೆಯ ಧ್ವನಿಮುದ್ರಣವನ್ನು ಹಿಂದಿನಿಂದ ನುಡಿಸಿ ಬಾಯಿ ಆಡಿಸುವವನು ಕೇಳುಗನಿಗೆ ಮೋಸ ಮಾಡುತ್ತಾನೆ. ಕೈಲಾಗದ ತಾನಕ್ಕೆ ಹೋಗಿ ಯೌವನವನ್ನು ನಟಿಸುವವನು ತನಗೇ ಮೋಸ ಮಾಡಿಕೊಳ್ಳುತ್ತಾನೆ. ಹೇಳುವುದೇನೂ ಉಳಿಯದಾಗ ವೇದಿಕೆಯಿಂದ ಇಳಿಯುವುದೂ ಈ ಋಣದೊಳಗೇ ಸೇರಿದ್ದು. ಕೇಳುಗನ ಋಣ ಇದಕ್ಕೆ ಸರಿಸಮ: ನೆನಪಿನಲ್ಲಿರುವ ಹಾಡನ್ನು ಬದಿಗಿಟ್ಟು ಎದುರಿಗಿರುವುದನ್ನು ಕೇಳುವುದು. ‘ಅಂದಿನಂತೆ ಹಾಡು’ ಎನ್ನುವವನು ನಿಜವಾಗಿ ಮರಳಿ ಬೇಡುತ್ತಿರುವುದು ತನ್ನ ಅಂದಿನ ವಯಸ್ಸನ್ನು. ಅದನ್ನು ಯಾವ ಗವಾಯಿ ತಾನೆ ಕೊಡಬಲ್ಲ?

ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಕಾತ್ರಜದ ಕೆರೆಯ ನೀರನ್ನು ನೆಲದಡಿಯ ಕಾಲುವೆಯಿಂದ ಪುಣೆಯ ಪೇಟೆಗಳ ಹೌದುಗಳಿಗೆ ಹರಿಸಿದ್ದರು. ಆ ಹೌದಿನಲ್ಲಿ ಕೊಡ ತುಂಬಿಕೊಂಡವರು ಯಾರೂ ನಿನ್ನೆಯ ನೀರೇ ಬೇಕೆಂದು ಹಟ ಹಿಡಿದಿರಲಾರರು. ಹರಿಯುತ್ತಿದ್ದರೆ ನೀರು, ನಿಂತರೆ ಪಾಚಿ.

ಹೊರನಾಡ ಕನ್ನಡಿಗರಿಗೆ ಈ ಮಾತು ಸಂಗೀತಕ್ಕಿಂತ ಹತ್ತಿರದ್ದು. ಕಾತ್ರಜ ಘಾಟಿನ ದಾರಿ ಸಾತಾರಾ, ಕೊಲ್ಹಾಪುರಗಳನ್ನು ಹಾದು ಬೆಳಗಾವಿ, ಧಾರವಾಡಗಳಿಗೆ ಹೋಗುತ್ತದೆ. ಆ ಘಾಟು ಇಳಿದು ಬಂದ ದಿನ ನಮ್ಮ ಕಿವಿಯಲ್ಲಿದ್ದ ಕನ್ನಡವೇ ನಿಜವಾದ ಕನ್ನಡ ಎಂಬ ಭಾವನೆ ಯಾರಿಗೂ ಸಹಜ. ಅಲ್ಲಿ ಊರು ಬದಲಾಗುತ್ತದೆ, ಮಾತು ಬದಲಾಗುತ್ತದೆ. ಇಲ್ಲಿ ಮಕ್ಕಳ ಕನ್ನಡದಲ್ಲಿ ಮರಾಠಿ ಬೆರೆಯುತ್ತದೆ. ಶಿಶುನಾಳ ಶರೀಫರ ಪದಗಳನ್ನು ಅವರು ಏಕತಾರಿಯಲ್ಲಿ ಕೇಳಿದವರಲ್ಲ. ಗಿಟಾರು ಹಿಡಿದ ರಘು ದೀಕ್ಷಿತ್ ಅವರಿಂದ ಕೇಳಿ ಕಲಿತವರು. ‘ಇದು ಶರೀಫರ ಪದವೇ ಅಲ್ಲ’ ಎಂದು ಗದರಿಸಿದರೆ ಅವರು ಹಾಡುವುದನ್ನು ಬಿಟ್ಟಾರು; ಹಾಗೆಂದು ಏಕತಾರಿಯನ್ನು ಕೈಗೆತ್ತಿಕೊಳ್ಳಲಾರರು.

ತಪ್ಪನ್ನು ತಿದ್ದಬಾರದೆಂದಲ್ಲ. ಪದದ ಅರ್ಥ ಕೆಟ್ಟರೆ ಹೇಳಿಕೊಡಬೇಕು, ಉಚ್ಚಾರ ಜಾರಿದರೆ ಹಿಡಿದು ನಿಲ್ಲಿಸಬೇಕು. ಆದರೆ ತಿದ್ದುವ ಮೊದಲು ಪೂರ್ತಿ ಕೇಳಬೇಕು. ವಯಸ್ಸಾದ ಗಾಯಕನ ಮುಂದೆ ಬೇಕಾದ ತಾಳ್ಮೆಯೂ ಎಳೆಯ ಗಾಯಕನ ಮುಂದೆ ಬೇಕಾದ ತಾಳ್ಮೆಯೂ ಒಂದೇ ಬಗೆಯದು. ಮುಂದಿನ ಬಾರಿ ಮಗು ಗಿಟಾರು ತಂದು ಕುಳಿತಾಗ, ಮೊದಲ ಪದ ಮುಗಿಯುವವರೆಗಾದರೂ ನಾವು ಸುಮ್ಮನಿರೋಣ.