ಕೊನೆಯ ಮನೆಯ ತಂತಿ

ಪ್ರಾಜೆಕ್ಟ್ ನಡೆಸುವವರಿಗೆಲ್ಲ ಗೊತ್ತಿರುವ ಲೆಕ್ಕವೊಂದಿದೆ. ಮೊದಲ ತೊಂಬತ್ತು ಭಾಗಕ್ಕೆ ಹಿಡಿದಷ್ಟೇ ಶ್ರಮ ಕೊನೆಯ ಹತ್ತು ಭಾಗಕ್ಕೂ ಹಿಡಿಯುತ್ತದೆ. ಸಾಫ್ಟ್‌ವೇರ್ ಆದರೆ ಆ ಹತ್ತನ್ನು ಮುಂದಿನ ರಿಲೀಸ್‌ಗೆ ತಳ್ಳಬಹುದು. ಆದರೆ ಆ ಹತ್ತರಲ್ಲಿ ಉಳಿದಿರುವುದು ಮನೆಗಳಾದರೆ?

ಬ್ರಿಟನ್ 2020ರ ಮಾರ್ಚ್‌ನಲ್ಲಿ, ಕನಿಷ್ಠ 10 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಕೇಳುವ ಹಕ್ಕನ್ನು ಮನೆಗಳಿಗೆ ಕೊಟ್ಟಿತು. ಜೊತೆಗೆ ಒಂದು ಗೆರೆಯನ್ನೂ ಎಳೆಯಿತು: ಸಂಪರ್ಕದ ಖರ್ಚು 3,400 ಪೌಂಡ್ ದಾಟಿದರೆ ಮೇಲಿನ ಹಣ ಮನೆಯವರದು. ಅಂದರೆ ಗುಡ್ಡದಾಚೆಯ ಒಂಟಿ ಮನೆಗೆ ಹಕ್ಕೂ ಇದೆ, ಬಿಲ್ಲೂ ಇದೆ. ನಮ್ಮಲ್ಲಿ 2011ರಲ್ಲಿ ಒಪ್ಪಿಗೆ ಪಡೆದು, ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆ ಮೊದಲು ಗುರಿಯಿಟ್ಟದ್ದು ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳ ಮೇಲೆ. ಆದರೆ ಪಂಚಾಯಿತಿ ಕಚೇರಿಗೆ ಫೈಬರ್ ಬಂದರೆ ಊರಿಗೆ ಬಂದಂತಾಗುವುದಿಲ್ಲ. ಮಲೆನಾಡಿನಲ್ಲಿ ಮನೆಗಳು ಸಾಲಾಗಿಲ್ಲ. ಅವರವರ ತೋಟದ ತಲೆಯಲ್ಲಿವೆ.

ಹಾಗಾದರೆ ದೂರದ ಬೆಲೆಯನ್ನು ಯಾರು ತೆರಬೇಕು? ಅಲ್ಲಿರುವುದು ಅವರ ಇಷ್ಟ, ಅವರೇ ತೆರಲಿ ಎನ್ನುವವರಿದ್ದಾರೆ. ಅಡಿಕೆ ಮರವನ್ನು ಬೆನ್ನಿಗೆ ಕಟ್ಟಿಕೊಂಡು ಪೇಟೆಗೆ ಬರಲಾಗದು ಎಂಬುದೇ ಅದಕ್ಕೆ ಉತ್ತರ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಒಂದು ಒಂಟಿ ಮನೆಗೆ ಸುರಿಯುವ ಹಣದಲ್ಲಿ ಮುಂಬೈಯ ಒಂದು ಚಾಳಿಗೇ ಸಂಪರ್ಕ ಕೊಡಬಹುದಲ್ಲ? ಕೊಡಬಹುದು. ಬರಿಯ ಕನಿಕರದ ಲೆಕ್ಕ ಹಾಕಿದರೆ ಚಾಳೇ ಗೆಲ್ಲುತ್ತದೆ.

ಆದರೆ ಇಲ್ಲಿರುವುದು ಕನಿಕರದ ಪ್ರಶ್ನೆಯಲ್ಲ. ಪಹಣಿ ಕಂಪ್ಯೂಟರಿನೊಳಗೆ ಹೋಯಿತು. ವಿದ್ಯಾರ್ಥಿವೇತನದ ಅರ್ಜಿ ಪೋರ್ಟಲಿಗೆ ಹೋಯಿತು. ಪಡಿತರಕ್ಕೂ ಬೆರಳಚ್ಚು ಸರ್ವರ್ ಮುಟ್ಟಬೇಕು. ಸರ್ಕಾರ ತನ್ನ ಅನುಕೂಲಕ್ಕಾಗಿ ಕೌಂಟರನ್ನು ತಂತಿಯ ಆ ತುದಿಗೆ ಸಾಗಿಸಿದೆ. ಬಾಗಿಲನ್ನು ಸ್ಥಳಾಂತರಿಸಿದವರು ಬಾಗಿಲಿಗೆ ದಾರಿಯನ್ನೂ ಮಾಡಿಕೊಡಬೇಕು. ಅದು ಉಪಕಾರವಲ್ಲ, ಋಣ. ಈ ಋಣ ಚಾಳಿನವರಿಗೂ ಸಲ್ಲಬೇಕು, ತೋಟದವರಿಗೂ ಸಲ್ಲಬೇಕು. ಖರ್ಚು ಹೆಚ್ಚೆಂದು ಋಣ ಕರಗುವುದಿಲ್ಲ.

ಇದು ಹೊಸ ವಿಚಾರವೇನಲ್ಲ. 1854ರಲ್ಲಿ ಇಂಡಿಯಾದ ಅಂಚೆ, ದೂರ ಎಷ್ಟೇ ಇರಲಿ ಒಂದೇ ದರ ಎಂದಿತು. ಹತ್ತಿರದ ಕಾಗದ ದೂರದ ಕಾಗದದ ಭಾರವನ್ನು ಹೊತ್ತಿತು. ಇಂದು ಟೆಲಿಕಾಂ ಕಂಪನಿಗಳು ಪರಿಷ್ಕೃತ ಆದಾಯದ ಶೇ. 5ರಷ್ಟನ್ನು ಇದೇ ಉದ್ದೇಶದ ನಿಧಿಗೆ ಕಟ್ಟುತ್ತವೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಕೂತ ನಾವು ಕಟ್ಟುವ ಬಿಲ್ಲಿನಲ್ಲಿ ಅದರ ಪಾಲಿದೆ. ಊರು ಬಿಟ್ಟವರು ಊರಿನಲ್ಲಿ ಉಳಿದವರ ದಾರಿಗೆ ಕೊಡುವ ಸುಂಕವೆಂದು ಅದನ್ನು ನಾನು ತಿಳಿಯುತ್ತೇನೆ.

ಪ್ರತಿ ಮನೆಗೂ ಫೈಬರೇ ಆಗಬೇಕೆಂಬ ಹಟ ಬೇಡ. ಟವರ್ ಆಗಲಿ, ಉಪಗ್ರಹವಾಗಲಿ, ಕೆಲಸ ನಡೆದರೆ ಸಾಕು. ಯಾವುದೂ ತಲುಪದ ಕಡೆ ಕಾಗದದ ಅರ್ಜಿ ಮತ್ತು ಅದನ್ನು ತೆಗೆದುಕೊಳ್ಳುವ ಗುಮಾಸ್ತ ಇರಲಿ. ತಂತಿ ಬರುವ ಮುನ್ನವೇ ಹಳೆಯ ಕೌಂಟರ್ ಮುಚ್ಚುವುದು ಮಾತ್ರ ಅನ್ಯಾಯ.