ಅಣಬೆಯ ಹುಟ್ಟು ಮತ್ತು ಆಹಾರಶುದ್ಧಿ



ಶಯನೈಕಾದಶಿ ಕಳೆದು ಶಾಕವ್ರತ ಹಿಡಿದ ನಾವು ತರಕಾರಿಯನ್ನೇ ತ್ಯಜಿಸಿರುವ ಮಳೆಗಾಲದಲ್ಲಿ, ಕೊಡ್ಲಿಪೇಟೆಯ ಸುತ್ತಿನ ತೋಟ ಕಾಡುಗಳಲ್ಲಿ ಅಣಬೆ ಏಳುತ್ತದೆ. ಗುಡುಗಿಗೆ ಅಣಬೆ ಹುಟ್ಟುವುದೆಂದು ಹಿರಿಯರು ಹೇಳುವುದುಂಟು. ಕೊಡವರು ಅದನ್ನು ‘ಕುಮ್ಮು’ ಎಂದು ಕರೆದು ಆದರದಿಂದ ಉಣ್ಣುತ್ತಾರೆ. ನಮ್ಮ ಮನೆಗಳಲ್ಲಾದರೋ ಅದಕ್ಕೆ ಪ್ರವೇಶವಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯವು ಬೆಳ್ಳುಳ್ಳಿ, ಈರುಳ್ಳಿಗಳೊಡನೆ ‘ಕವಕ’ವೆಂಬ ಅಣಬೆಯನ್ನೂ, ಅಶುಚಿಯಲ್ಲಿ ಹುಟ್ಟಿದ ಪದಾರ್ಥಗಳನ್ನೂ ದ್ವಿಜರಿಗೆ ಅಭಕ್ಷ್ಯವೆಂದು ಎಣಿಸಿದೆ.

ಈಗ ಮಕ್ಕಳು ಕೇಳುತ್ತಾರೆ: “ಪೇಟೆಯ ಅಣಬೆಯನ್ನು ಬಿಸಿನೀರಿನಲ್ಲಿ ಶುದ್ಧಮಾಡಿದ ಹುಲ್ಲಿನ ಮೇಲೂ ಬೆಳೆಸುತ್ತಾರಲ್ಲ, ಅದರಲ್ಲಿ ಅಶುಚಿ ಎಲ್ಲಿ?” ಗದರಿಸಿ ಬಾಯಿ ಮುಚ್ಚಿಸಿದರೆ ಅದು ಉತ್ತರವಾಗದು.

ಹುತ್ತದ ಅಣಬೆಯ ಹುಟ್ಟನ್ನೇ ವಿಚಾರಿಸೋಣ. ಅದಕ್ಕೆ ಗುಡುಗು ಕಾರಣವಲ್ಲ. ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ತಿಂದು, ತಮ್ಮ ಮಲದಿಂದಲೇ ಹುತ್ತದೊಳಗೆ ಜೇನುಹುಟ್ಟಿನಂಥ ರಚನೆಯನ್ನು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಮಳೆ ನೆಲವನ್ನು ನೆನೆಸಿದಾಗ ಅದೇ ಶಿಲೀಂಧ್ರವು ಉದ್ದನೆಯ ಕಾಂಡವನ್ನು ಚಾಚಿ, ಕೊಡೆಯಾಗಿ ಮೇಲೇಳುತ್ತದೆ.

ಹಾಗಾದರೆ ಅಶುಚಿಯೆಂಬ ಮಾತು ನಿಜವೇ ಆಯಿತಲ್ಲ ಎನ್ನಬಹುದು. ಆದರೆ ಅದೇ ಹುತ್ತದ ಮಣ್ಣು ‘ವಲ್ಮೀಕಮೃತ್ತಿಕೆ’ಯೆಂದು ನಮ್ಮ ಕಲಶವನ್ನು ಸೇರುತ್ತದೆ, ಅದೇ ಹುತ್ತಕ್ಕೆ ನಾಗರಪಂಚಮಿಯಂದು ಹಾಲೆರೆಯುವರು, ಆದಿಕವಿಯ ಹೆಸರೂ ಹುತ್ತದಿಂದಲೇ ಬಂದುದು. ಹುಟ್ಟೊಂದರಿಂದಲೇ ಯಾವುದರ ಮೇಲುಕೀಳನ್ನೂ ಅಳೆಯಲಾಗದು.

ಹಾಗೆಂದು ನಿಷೇಧವು ಬಿದ್ದುಹೋಯಿತೇ? ಇಲ್ಲ. ಶಾಕವ್ರತದಲ್ಲಿ ನಾವು ಬಿಡುವ ತರಕಾರಿ ಅಶುಚಿಯಲ್ಲ, ಆದರೂ ಬಿಡುತ್ತೇವೆ. ಬಿಡುವುದು ನಮ್ಮ ನಾಲಿಗೆಗೆ ನಾವು ಹಾಕಿಕೊಂಡ ಕಟ್ಟು, ನೆರೆಯವನ ಎಲೆಯ ಮೇಲೆ ಕೊಟ್ಟ ತೀರ್ಪಲ್ಲ. ಸ್ಮೃತಿಯು ಕೂಡ ಈ ನಿಯಮವನ್ನು ಹೇಳಿದ್ದು ದ್ವಿಜರಿಗೆ. ಕೆಲವು ಅಣಬೆಗಳ ವಿಷವು ಎಷ್ಟು ಬೇಯಿಸಿದರೂ ಹೋಗದು. ಯಾವುದು ವಿಷ, ಯಾವುದು ಅನ್ನ ಎಂಬುದನ್ನು ಹಿರಿಯರಿಂದ ಕಲಿತು ಆಯ್ದು ತರುವ ನೆರೆಯವನಲ್ಲಿಯೂ ಒಂದು ಜ್ಞಾನವಿದೆ. ಅದು ಗೌರವಕ್ಕೆ ಅರ್ಹವಾದುದು. ಅಣಬೆಯನ್ನು ಬಿಟ್ಟು ಅವನ ಬಗ್ಗೆ ತಾತ್ಸಾರವನ್ನು ಉಂಡರೆ ನಮ್ಮ ಆಹಾರವು ಶುದ್ಧವಾದೀತೇ?

ಆದುದರಿಂದ ಮಕ್ಕಳಿಗೆ ಹೀಗೆ ಹೇಳೋಣ: “ಅದು ಕೀಳೆಂದಾಗಲಿ, ತಿನ್ನುವವರು ಕೀಳೆಂದಾಗಲಿ ಬಿಟ್ಟಿಲ್ಲ, ಮಗು. ದೇವರಿಗೆ ನಿವೇದಿಸದುದನ್ನು ನಾವು ಉಣ್ಣುವುದಿಲ್ಲ, ಅಷ್ಟೇ.”

ಶ್ರೀಕೃಷ್ಣಾರ್ಪಣಮಸ್ತು.